ಬಹುಮತವಿಲ್ಲದ ಪಾಲಿಕೆಯಲ್ಲಿ ಆಡಳಿತ

ಮಾನ್ಯರೇ,

2018ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮೈಸೂರು ಮಹಾನಗರಪಾಲಿಕೆಯ 65 ವಾರ್ಡುಗಳ ಫಲಿತಾಂಶ ಹೊರಬಿತ್ತು. ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18, ಬಿಎಸ್‌ಪಿ 1 ಸ್ಥಾನ ಗಳಿಸಿದ್ದವು. ಐದು ವಾರ್ಡುಗಳಲ್ಲಿ ಪಕ್ಷೇತರರು ಗೆದ್ದಿದ್ದರು. ಚುನಾಯಿತ ಸದಸ್ಯರ ಅರ್ಧವನ್ನು ದಾಟಲು 33 ಬೇಕಿತ್ತು, ಯಾವ ಪಕ್ಷವೂ ಅದರ ಹತ್ತಿರಕ್ಕೂ ಬರಲಿಲ್ಲ. ಮುಂದಿನ ಐದು ವರ್ಷಗಳಲ್ಲಿ ಆ ಒಂದೇ ಪಾಲಿಕೆ ಮೂರು ಪಕ್ಷಗಳಿಗೆ ಸೇರಿದ ಐವರು ಮೇಯರ್‌ಗಳನ್ನು ಕಂಡಿತು. ಮತದಾರರು ಒಮ್ಮೆ ಮಾತ್ರ ಮತ ಹಾಕಿದ್ದರು. ಅವರ ತೀರ್ಪು ಬದಲಾಗದೆ ಇರುವಾಗ ಆಡಳಿತ ಒಂದು ಪಕ್ಷದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋದದ್ದು ಹೇಗೆ, ಅದರಿಂದ ನಗರಕ್ಕೆ ಆದದ್ದೇನು ಎಂಬುದೇ ಇಂದಿನ ನನ್ನ ವಿಷಯ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಪಕ್ಷಕ್ಕೂ ಬಹುಮತ ಬಾರದಿರುವುದನ್ನು ನಾನು ರೋಗವೆಂದು ಭಾವಿಸುವುದಿಲ್ಲ. ಹಳೆಯ ಅಗ್ರಹಾರ, ಹೊಸ ಬಡಾವಣೆ, ಕಾರ್ಖಾನೆ ಕಾರ್ಮಿಕರ ಕಾಲೊನಿ, ಪಾಲಿಕೆಯ ವ್ಯಾಪ್ತಿಗೆ ಸೇರಿಹೋದ ಹಳ್ಳಿ, ಇವೆಲ್ಲ ಇರುವ ನಗರವೊಂದು ಮೂರು ಪಕ್ಷಗಳಿಗೆ ಮತವನ್ನು ಹಂಚಿದ್ದರೆ ಅದು ಆ ನಗರದ ನಿಜವಾದ ಚಿತ್ರ. ತೊಂದರೆ ಇರುವುದು ಆ ಚಿತ್ರವನ್ನು ಆಡಳಿತವಾಗಿ ಮಾರ್ಪಡಿಸಬೇಕಾದ ನಮ್ಮ ನಿಯಮಗಳಲ್ಲಿ. ಅತಂತ್ರ ಪಾಲಿಕೆಯಲ್ಲಿ ಪಕ್ಷಗಳು ಕೆಲಸದ ಬಗ್ಗೆ ಒಪ್ಪಂದ ಮಾಡಿಕೊಳ್ಳುವ ಬದಲು ಹುದ್ದೆಯ ಬಗ್ಗೆ ಮಾತ್ರ ಒಪ್ಪಂದ ಮಾಡಿಕೊಳ್ಳುವಂತೆ ಆ ನಿಯಮಗಳು ಪ್ರೇರೇಪಿಸುತ್ತವೆ.

ಮೈಸೂರಿನ ಕಥೆಯನ್ನೇ ಇನ್ನಷ್ಟು ವಿವರವಾಗಿ ನೋಡೋಣ. 2018ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರವಿತ್ತು. ಅದೇ ಮೈತ್ರಿ ಪಾಲಿಕೆಗೂ ಇಳಿದು, ಆ ವರ್ಷದ ನವೆಂಬರ್‌ನಲ್ಲಿ ಕಾಂಗ್ರೆಸ್ಸಿನ ಪುಷ್ಪಲತಾ ಜಗನ್ನಾಥ್ ಮೇಯರ್ ಆದರು. 2019ರ ಜುಲೈನಲ್ಲಿ ರಾಜ್ಯ ಸರ್ಕಾರ ಉರುಳಿದರೂ ಪಾಲಿಕೆಯ ಮೈತ್ರಿ ಉಳಿಯಿತು, 2020ರ ಜನವರಿಯಲ್ಲಿ ಸರದಿಯಂತೆ ಜೆಡಿಎಸ್‌ನ ತಸ್ನೀಂ ಅವರಿಗೆ ಹುದ್ದೆ ಸಂದಿತು. 2021ರ ಫೆಬ್ರುವರಿಯಲ್ಲಿ ಜೆಡಿಎಸ್‌ನ ರುಕ್ಮಿಣಿ ಮಾದೇಗೌಡ ಆಯ್ಕೆಯಾದಾಗ ಮೈತ್ರಿ ಯಾರ ಜೊತೆ, ಯಾವ ಷರತ್ತಿನ ಮೇಲೆ ಎಂಬುದು ಕೊನೆಯ ಗಳಿಗೆಯವರೆಗೂ ಖಚಿತವಿರಲಿಲ್ಲ, ಮತ್ತು ಆ ನಿರ್ಧಾರ ಕಾಂಗ್ರೆಸ್ಸಿನ ಒಳಗೇ ದೊಡ್ಡ ಜಗಳಕ್ಕೆ ಕಾರಣವಾಯಿತು. ಕೆಲವೇ ತಿಂಗಳಲ್ಲಿ ಹೈಕೋರ್ಟ್ ಅವರ ಸದಸ್ಯತ್ವವನ್ನು ಅಸಿಂಧುಗೊಳಿಸಿದ್ದರಿಂದ ಹುದ್ದೆ ತೆರವಾಯಿತು. ಆಗಸ್ಟ್‌ನಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಒಂದಾಗಲಿಲ್ಲ. ಬಿಜೆಪಿಯ ಸುನಂದಾ ಪಾಲನೇತ್ರ ಗೆದ್ದು, ಮೈಸೂರಿಗೆ ಆ ಪಕ್ಷದ ಮೊದಲ ಮೇಯರ್ ಆದರು. 2022ರ ಸೆಪ್ಟೆಂಬರ್‌ನಲ್ಲಿ ಬಿಜೆಪಿಯವರೇ ಆದ ಶಿವಕುಮಾರ್ ಜೆಡಿಎಸ್ ಬೆಂಬಲದೊಂದಿಗೆ ಆಯ್ಕೆಯಾದರು.

ಈ ಐವರ ಸಾಮರ್ಥ್ಯದ ಬಗ್ಗೆ ನಾನು ಏನನ್ನೂ ಹೇಳುತ್ತಿಲ್ಲ. ನಾನು ಕೇಳುತ್ತಿರುವುದು ಬೇರೆ ಪ್ರಶ್ನೆ: ಈ ಐದು ಆಯ್ಕೆಗಳ ಹಿಂದಿನ ಮಾತುಕತೆಗಳಲ್ಲಿ ಕುಡಿಯುವ ನೀರಿನ ಬಗ್ಗೆ, ಯುಜಿಡಿ, ಅಂದರೆ ಒಳಚರಂಡಿಯ ಬಗ್ಗೆ, ಕಸ ವಿಲೇವಾರಿಯ ಬಗ್ಗೆ ಪಕ್ಷಗಳು ಸಹಿ ಹಾಕಿ ನಾಗರಿಕರ ಮುಂದಿಟ್ಟ ಒಂದಾದರೂ ಕಾರ್ಯಕ್ರಮವನ್ನು ನೀವು ಓದಿದ್ದೀರಾ? ಮೇಯರ್ ಯಾರಿಗೆ, ಉಪ ಮೇಯರ್ ಯಾರಿಗೆ, ಸ್ಥಾಯಿ ಸಮಿತಿಯ ಅಧ್ಯಕ್ಷಗಿರಿ ಯಾರಿಗೆ ಎಂಬುದು ಮಾತ್ರ ಪತ್ರಿಕೆಗಳಲ್ಲಿ ಬಂತು, ಏಕೆಂದರೆ ಮಾತುಕತೆ ನಡೆದದ್ದೇ ಅದರ ಮೇಲೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯಿದೆ. ಇಂದು ನಿನ್ನ ಗದ್ದೆಯಲ್ಲಿ ನಾನು, ನಾಳೆ ನನ್ನ ಗದ್ದೆಯಲ್ಲಿ ನೀನು. ಅಲ್ಲಿ ಎರಡೂ ಗದ್ದೆಗಳ ನಾಟಿ ಮುಗಿಯುತ್ತದೆ. ಪಾಲಿಕೆಯ ಮುಯ್ಯಿಯಲ್ಲಿ ಸರದಿ ಮಾತ್ರ ಉಳಿದಿದೆ, ನಾಟಿಯ ಮಾತೇ ಇಲ್ಲ.

ಹೀಗಾಗಲು ಮೊದಲ ಕಾರಣ ಅವಧಿ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಡಿ ಈ ಪಾಲಿಕೆಗಳ ಮೇಯರ್‌ಗಳು ಒಂದೊಂದು ವರ್ಷಕ್ಕೆ ಆಯ್ಕೆಯಾಗುತ್ತ ಬಂದಿದ್ದಾರೆ. ಪಕ್ಷವೊಂದಕ್ಕೆ ಸ್ಪಷ್ಟ ಬಹುಮತವಿರುವ ಪಾಲಿಕೆಯಲ್ಲೂ ಒಂದು ವರ್ಷ ಬಹಳ ಕಡಿಮೆ. ಬಜೆಟ್ಟನ್ನು ಅರ್ಥಮಾಡಿಕೊಂಡು, ಟೆಂಡರ್ ಕರೆದು, ಕಾಮಗಾರಿ ಆರಂಭವಾಗುವ ಹೊತ್ತಿಗೆ ಗೌನು ಇನ್ನೊಬ್ಬರ ಹೆಗಲೇರಿರುತ್ತದೆ. ಅತಂತ್ರ ಪಾಲಿಕೆಯಲ್ಲಾದರೆ ಪ್ರತಿ ವರ್ಷವೂ ಹೊಸದಾಗಿ ಸಂಖ್ಯೆ ಕೂಡಿಸಬೇಕು. ವರ್ಷದ ಕೊನೆಯ ಎರಡು ಮೂರು ತಿಂಗಳು ಯಾರ ಬೆಂಬಲ ಯಾರಿಗೆ ಎಂಬ ಲೆಕ್ಕದಲ್ಲೇ ಕಳೆಯುತ್ತವೆ. ಇದರ ಮೇಲೆ ಮೀಸಲಾತಿಯ ಸರದಿ. ಪರಿಶಿಷ್ಟರಿಗೆ, ಹಿಂದುಳಿದ ವರ್ಗಗಳಿಗೆ, ಮಹಿಳೆಯರಿಗೆ ಮೇಯರ್ ಹುದ್ದೆ ಸಿಗುವಂತೆ ಮಾಡಿದ ಆ ಸರದಿಯನ್ನು ನಾನು ಮನಸಾರೆ ಒಪ್ಪುತ್ತೇನೆ; ಅದಿಲ್ಲದಿದ್ದರೆ ಅನೇಕರು ಆ ಕುರ್ಚಿಯಲ್ಲಿ ಎಂದೂ ಕೂರುತ್ತಿರಲಿಲ್ಲ. ಆದರೆ ಯಾವ ವರ್ಷ ಯಾವ ವರ್ಗಕ್ಕೆ ಎಂಬುದನ್ನು ಅಧಿಸೂಚನೆಯ ಮೂಲಕ ಪ್ರಕಟಿಸುವುದು ರಾಜ್ಯ ಸರ್ಕಾರ. ಬಲಾಬಲ ಒಂದೆರಡು ಮತಗಳ ಅಂತರದಲ್ಲಿರುವಾಗ ಆ ಅಧಿಸೂಚನೆಯೇ ಫಲಿತಾಂಶವನ್ನು ನಿರ್ಧರಿಸಬಲ್ಲದು, ಆದ್ದರಿಂದ ಅದು ಪದೇ ಪದೇ ನ್ಯಾಯಾಲಯದ ಮೆಟ್ಟಿಲೇರುತ್ತದೆ.

ಎರಡನೆಯ ಕಾರಣ ನನ್ನ ದೃಷ್ಟಿಯಲ್ಲಿ ಇನ್ನೂ ಗಂಭೀರವಾದದ್ದು. ಮೇಯರ್ ಚುನಾವಣೆಯಲ್ಲಿ ಮತ ಹಾಕುವವರು ವಾರ್ಡಿನಿಂದ ಗೆದ್ದವರು ಮಾತ್ರವಲ್ಲ. ಆ ನಗರವನ್ನು ಪ್ರತಿನಿಧಿಸುವ ಶಾಸಕರು, ಲೋಕಸಭಾ ಸದಸ್ಯರು, ಜೊತೆಗೆ ಆ ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ತಿನ ಮತ್ತು ರಾಜ್ಯಸಭೆಯ ಸದಸ್ಯರು ಕೂಡ ಅಲ್ಲಿ ಕೈ ಎತ್ತುತ್ತಾರೆ. ಬೆಂಗಳೂರಿನಲ್ಲಿ 2015ರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. 198 ವಾರ್ಡುಗಳಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗೆದ್ದವು, ಉಳಿದ 8 ಪಕ್ಷೇತರರು ಮತ್ತು ಇತರರ ಪಾಲಾದವು. ವಾರ್ಡುಗಳ ಲೆಕ್ಕದಲ್ಲಿ ಅದು ಅತಂತ್ರ ಪಾಲಿಕೆಯೇ ಅಲ್ಲ, ಒಂದು ಪಕ್ಷಕ್ಕೆ ತೆಳುವಾದರೂ ಸ್ಪಷ್ಟವಾದ ಬಹುಮತ ಬಂದಿತ್ತು. ಆದರೆ ಶಾಸಕರು ಮತ್ತು ಸಂಸದರನ್ನು ಸೇರಿಸಿದಾಗ ಮತದಾನದ ಹಕ್ಕುಳ್ಳವರ ಸಂಖ್ಯೆ 260ಕ್ಕೆ ಏರಿ, ಆ ಬಹುಮತ ಕರಗಿತು. ಕಾಂಗ್ರೆಸ್, ಜೆಡಿಎಸ್ ಮತ್ತು ಪಕ್ಷೇತರರು ಒಂದಾಗಿ ಮಂಜುನಾಥ ರೆಡ್ಡಿಯವರನ್ನು ಮೇಯರ್ ಮಾಡಿದರು. ಮೇಯರ್ ಹುದ್ದೆ ನಾಲ್ಕು ವರ್ಷ ಕಾಂಗ್ರೆಸ್ಸಿನ ಬಳಿ ಉಳಿದು, 2019ರಲ್ಲಿ ರಾಜ್ಯ ಸರ್ಕಾರ ಬದಲಾದ ಕೆಲವೇ ವಾರಗಳಲ್ಲಿ ಬಿಜೆಪಿಯ ಗೌತಮ್ ಕುಮಾರ್ ಅವರಿಗೆ ಹೋಯಿತು.

ದಾವಣಗೆರೆಯಲ್ಲಿ ಪಕ್ಷಗಳ ಸ್ಥಾನ ಅದಲುಬದಲಾಯಿತು. 2019ರ ಚುನಾವಣೆಯಲ್ಲಿ 45 ವಾರ್ಡುಗಳ ಪೈಕಿ ಕಾಂಗ್ರೆಸ್ 22, ಬಿಜೆಪಿ 17 ಗೆದ್ದಿದ್ದವು. 2020ರ ಫೆಬ್ರುವರಿಯಲ್ಲಿ ಮೇಯರ್ ಆದವರು ಬಿಜೆಪಿಯವರು. ಬೇರೆ ಊರುಗಳ ವಿಧಾನ ಪರಿಷತ್ ಸದಸ್ಯರು ಚುನಾವಣೆಗೆ ಮುನ್ನ ದಾವಣಗೆರೆಯ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡರೆಂಬ ಆಕ್ಷೇಪ ಆಗ ಬಲವಾಗಿ ಕೇಳಿಬಂತು. ಕಲಬುರಗಿಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ 55 ವಾರ್ಡುಗಳ ಫಲಿತಾಂಶ ಬಂದಾಗ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಕಾಂಗ್ರೆಸ್ಸಿಗೆ ಬೇಕಿದ್ದದ್ದು ಇನ್ನೊಂದೇ ಸ್ಥಾನ. ಮೇಯರ್ ಆಯ್ಕೆ ನಡೆದದ್ದು ಒಂದೂವರೆ ವರ್ಷದ ನಂತರ, 2023ರ ಮಾರ್ಚ್‌ನಲ್ಲಿ. ಗೆದ್ದದ್ದು ಬಿಜೆಪಿ, ಅಂತರ ಒಂದೇ ಮತ. ಯಾವ ಪಕ್ಷಕ್ಕೆ ಲಾಭವಾಯಿತು ಎಂಬುದು ಇಲ್ಲಿ ಮುಖ್ಯವಲ್ಲ, ಎರಡೂ ಕಡೆಯವರು ಅವಕಾಶ ಸಿಕ್ಕಾಗ ಇದೇ ದಾರಿ ಹಿಡಿದಿದ್ದಾರೆ. ವಾರ್ಡಿನ ಮತದಾರ ತನ್ನ ಮತದಿಂದ ರೂಪಿಸಿದ ಸಮತೋಲನವನ್ನು, ಆ ಚುನಾವಣೆಯಲ್ಲಿ ಸ್ಪರ್ಧಿಸಿಯೇ ಇರದವರು ಬಂದು ಬದಲಿಸಬಹುದು ಎಂಬುದು ನನ್ನನ್ನು ಕಾಡುತ್ತದೆ. ಆ ಒಂದೂವರೆ ವರ್ಷ ಕಲಬುರಗಿಯ ಗೆದ್ದ ಸದಸ್ಯರು ಅಧಿಕಾರವಿಲ್ಲದೆ ಕಾದರು, ಅವರನ್ನು ಗೆಲ್ಲಿಸಿದ ಜನ ಚರಂಡಿಯ ದೂರನ್ನು ಅಧಿಕಾರಿಗಳ ಬಳಿ ಒಯ್ದರು.

ಶಾಸಕರು, ಸಂಸದರಿಗಿರುವ ಈ ಮತದ ಹಕ್ಕು ಸಂವಿಧಾನದ ಕಟ್ಟಳೆಯಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. 74ನೇ ತಿದ್ದುಪಡಿಯ ಮೂಲಕ ಬಂದ 243ಆರ್ ವಿಧಿಯ ಪ್ರಕಾರ ಪಾಲಿಕೆಯ ಸ್ಥಾನಗಳನ್ನು ನೇರ ಚುನಾವಣೆಯಿಂದಲೇ ತುಂಬಬೇಕು. ಶಾಸಕರಿಗೆ, ಸಂಸದರಿಗೆ ಪ್ರಾತಿನಿಧ್ಯ ಕೊಡಬಹುದು ಎಂದಷ್ಟೇ ಅದು ರಾಜ್ಯದ ಶಾಸಕಾಂಗಕ್ಕೆ ಅನುಮತಿ ನೀಡುತ್ತದೆ. ಪೌರಾಡಳಿತದಲ್ಲಿ ವಿಶೇಷ ಜ್ಞಾನವುಳ್ಳವರೆಂದು ನಾಮನಿರ್ದೇಶನಗೊಂಡವರಿಗೆ ಮತದ ಹಕ್ಕಿಲ್ಲ ಎಂದು ಅದೇ ವಿಧಿ ಸ್ಪಷ್ಟವಾಗಿ ಹೇಳಿದೆ. ತಜ್ಞರಿಗೆ ಇಲ್ಲದ ಹಕ್ಕನ್ನು ಶಾಸಕರಿಗೆ ಕೊಟ್ಟದ್ದು ರಾಜ್ಯದ ಕಾಯ್ದೆ, ಅದನ್ನು ಹಿಂತೆಗೆದುಕೊಳ್ಳುವುದೂ ರಾಜ್ಯದ ಕೈಯಲ್ಲೇ ಇದೆ. ಶಾಸಕರು ಸಭೆಗೆ ಬರಲಿ, ತಮ್ಮ ಕ್ಷೇತ್ರದ ಅನುದಾನದ ಬಗ್ಗೆ ಮಾತಾಡಲಿ, ಸರ್ಕಾರ ಮತ್ತು ಪಾಲಿಕೆಯ ನಡುವೆ ಸೇತುವೆಯಾಗಲಿ. ತಿಂಗಳ ಸಾಮಾನ್ಯ ಸಭೆಗೆ ಅಪರೂಪಕ್ಕೆ ಬರುವವರು ಮೇಯರ್ ಆಯ್ಕೆಯ ದಿನ ಮಾತ್ರ ತಪ್ಪದೆ ಬರುವುದನ್ನು ನಾವು ಸಹಜವೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಇಂಥ ಪಾಲಿಕೆಯಲ್ಲಿ ನಿಜವಾದ ಅಧಿಕಾರ ಎಲ್ಲಿಗೆ ಹರಿಯುತ್ತದೆ ಎಂಬುದನ್ನೂ ಗಮನಿಸಬೇಕು. ನಮ್ಮ ಕಾಯ್ದೆಯಲ್ಲಿ ಕಾರ್ಯಾಂಗದ ಅಧಿಕಾರ ಆಯುಕ್ತರದು, ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಮೇಯರ್ ಬಲವಾಗಿದ್ದರೆ, ಹಿಂದೆ ಒಗ್ಗಟ್ಟಾದ ಸಭೆ ಇದ್ದರೆ, ಆಯುಕ್ತರು ಸಭೆಗೆ ಉತ್ತರ ಕೊಡಲೇಬೇಕಾಗುತ್ತದೆ. ಮೇಯರ್ ಮುಂದಿನ ವರ್ಷದ ಬೆಂಬಲಕ್ಕಾಗಿ ಪ್ರತಿ ಸದಸ್ಯನ ಮುಖ ನೋಡುವ ಸ್ಥಿತಿಯಲ್ಲಿದ್ದರೆ ತೀರ್ಮಾನಗಳು ಮೆಲ್ಲಗೆ ಆಯುಕ್ತರ ಕಚೇರಿಗೆ, ಶಾಸಕರ ಕಚೇರಿಗೆ ಸರಿಯುತ್ತವೆ. ಪಕ್ಷಾಂತರವನ್ನು ತಡೆಯಲು 1987ರಲ್ಲೇ ಸ್ಥಳೀಯ ಸಂಸ್ಥೆಗಳಿಗಾಗಿ ಪ್ರತ್ಯೇಕ ಕಾಯ್ದೆ ತಂದ ರಾಜ್ಯ ನಮ್ಮದು. ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ ಮೀರಿದವರ ಸದಸ್ಯತ್ವ ಹೋಗಬಹುದು. ಆದರೆ ಇಡೀ ಪಕ್ಷವೇ ಒಂದು ವರ್ಷ ಇತ್ತ, ಮರುವರ್ಷ ಅತ್ತ ನಿಂತರೆ ಆ ಕಾಯ್ದೆಗೆ ಅದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ.

ಬಹುಮತವಿಲ್ಲದ ಸಭೆಗಳು ಬೇರೆಡೆಯೂ ಇವೆ, ಇಂಗ್ಲೆಂಡಿನಲ್ಲಂತೂ ಅವು ತೀರಾ ಸಾಮಾನ್ಯ. ಶೆಫೀಲ್ಡ್ ನಗರದ ಉದಾಹರಣೆ ನನಗೆ ಉಪಯುಕ್ತವೆನಿಸಿದೆ. 2021ರ ಮೇ ತಿಂಗಳಲ್ಲಿ ಅಲ್ಲಿನ 84 ಸ್ಥಾನಗಳ ಸಭೆಯಲ್ಲಿ ಲೇಬರ್ ಪಕ್ಷ 41ಕ್ಕೆ ಇಳಿದು ಬಹುಮತ ಕಳೆದುಕೊಂಡಿತು. ಅದೇ ದಿನ ನಡೆದ ಜನಮತಗಣನೆಯಲ್ಲಿ, ಕೆಲವೇ ಮಂದಿಯ ಕ್ಯಾಬಿನೆಟ್ ಬೇಡ, ಎಲ್ಲ ಪಕ್ಷಗಳವರೂ ಕೂರುವ ಸಮಿತಿಗಳು ನಗರವನ್ನು ನಡೆಸಲಿ ಎಂದು ನಾಗರಿಕರು ತೀರ್ಪಿತ್ತರು. 2022ರಿಂದ ಹಾಗೆಯೇ ನಡೆಯುತ್ತಿದೆ. ಸಮಿತಿಯ ಸ್ಥಾನಗಳನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚಬೇಕೆಂದು 1989ರಿಂದಲೇ ಅಲ್ಲಿ ಕಾನೂನಿದೆ, ಆದ್ದರಿಂದ ಆ ಸ್ಥಾನಗಳು ಚೌಕಾಸಿಯ ಸರಕಾಗುವುದಿಲ್ಲ. ಸಂಸದರಿಗೆ ಕೌನ್ಸಿಲ್ ಸಭೆಯಲ್ಲಿ ಮತವಿಲ್ಲ. ಅಲ್ಲಿಯ ಪಟ್ಟಣಸಭೆಗಳಿಗೂ ತಮ್ಮದೇ ಕಷ್ಟಗಳಿವೆ, ಮುಖ್ಯವಾಗಿ ಹಣದ ಕೊರತೆ. ಆದರೂ ಬಜೆಟ್ಟನ್ನು ಗೊತ್ತಾದ ದಿನದೊಳಗೆ ಅಂಗೀಕರಿಸಲೇಬೇಕಾದ್ದರಿಂದ ಅಲ್ಪಮತದ ಪಕ್ಷ ಉಳಿದವರೊಡನೆ ಕೂತು, ಗ್ರಂಥಾಲಯ ಮುಚ್ಚಬೇಕೋ ಬೇಡವೋ, ರಸ್ತೆಗೆ ಎಷ್ಟು ಹಣ ಎಂದು ಸಾಲು ಸಾಲಾಗಿ ಮಾತಾಡಬೇಕಾಗುತ್ತದೆ.

ನಮ್ಮಲ್ಲೂ ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರೇ ಬಜೆಟ್ ಮಂಡಿಸುತ್ತಾರೆ. ಮೈತ್ರಿಯ ಪರೀಕ್ಷೆ ನಡೆಯಬೇಕಾದ ಜಾಗ ಅದು. ಮೇಯರ್ ಆಯ್ಕೆಗೆ ಮುನ್ನ ಜೊತೆಗೂಡುವ ಪಕ್ಷಗಳು ಐದು ವರ್ಷದ ಕಾರ್ಯಕ್ರಮವೊಂದನ್ನು ಬರೆದು, ಕೌನ್ಸಿಲ್ ಸಭೆಯ ನಡಾವಳಿಯಲ್ಲಿ ದಾಖಲಿಸಿದರೆ, ಪ್ರತಿ ಬಜೆಟ್ಟನ್ನೂ ಅದರೊಂದಿಗೆ ಹೋಲಿಸಿ ನೋಡಬಹುದು. ಇದಕ್ಕೆ ಕಾನೂನು ತಿದ್ದುಪಡಿ ಬೇಕಿಲ್ಲ, ಸದಸ್ಯರ ಮನಸ್ಸು ಸಾಕು. ಅವಧಿಯ ವಿಷಯಕ್ಕೆ ಮಾತ್ರ ತಿದ್ದುಪಡಿ ಬೇಕು. 2020ರ ಬಿಬಿಎಂಪಿ ಕಾಯ್ದೆ ಬೆಂಗಳೂರಿನ ಮೇಯರ್ ಅವಧಿಯನ್ನು 30 ತಿಂಗಳಿಗೆ ವಿಸ್ತರಿಸಿತು, ಆದರೆ ಆ ಕಾಯ್ದೆಯಡಿ ಒಮ್ಮೆಯೂ ಚುನಾವಣೆ ನಡೆಯಲಿಲ್ಲ. ಬೆಂಗಳೂರಿನ ಕೊನೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಮೈಸೂರಿನ ಸಭೆಯ ಅವಧಿಯೂ 2023ರ ನವೆಂಬರ್‌ನಲ್ಲಿ ಮುಗಿದು, ಆಡಳಿತಾಧಿಕಾರಿಯ ಕೈಗೆ ನಗರ ಹೋಯಿತು. ಅತಂತ್ರ ಸಭೆಗಿಂತ ಆಡಳಿತಾಧಿಕಾರಿಯೇ ವಾಸಿ, ಕಿತ್ತಾಟವಾದರೂ ಇರುವುದಿಲ್ಲ ಎಂಬ ಮಾತನ್ನು ಇತ್ತೀಚೆಗೆ ವಿದ್ಯಾವಂತರ ಬಾಯಲ್ಲಿ ಕೇಳುತ್ತಿದ್ದೇನೆ. ಅದನ್ನು ನಾನು ಪೂರ್ತಿಯಾಗಿ ವಿರೋಧಿಸುತ್ತೇನೆ. ಕಿತ್ತಾಡುವ ಸಭೆಯಲ್ಲಿ ನನ್ನ ವಾರ್ಡಿನ ಸದಸ್ಯೆ ಎದ್ದುನಿಂತು ಮೂರು ದಿನದಿಂದ ನೀರು ಬಂದಿಲ್ಲವೆಂದು ಕೇಳಬಹುದು, ಉತ್ತರ ಬಾರದಿದ್ದರೆ ಸಭೆಯ ಬಾವಿಗಿಳಿದು ಕೂರಬಹುದು, ಮರುದಿನ ಅದು ಪತ್ರಿಕೆಯಲ್ಲಿ ಬರಬಹುದು. ಆಡಳಿತಾಧಿಕಾರಿ ಬಜೆಟ್ ಅಂಗೀಕರಿಸುವಾಗ ಹಾಗೆ ಎದ್ದುನಿಂತು ಕೇಳುವ ಹಕ್ಕು ಯಾವ ವಾರ್ಡಿನ ಪ್ರತಿನಿಧಿಗೂ ಇರುವುದಿಲ್ಲ, ಏಕೆಂದರೆ ಅಂಥ ಪ್ರತಿನಿಧಿಯೇ ಇರುವುದಿಲ್ಲ.