ಚಿಕವೀರ ರಾಜೇಂದ್ರ: ಬೋಪಣ್ಣ ಯಾಕೆ ಕೈಬಿಟ್ಟ?

ಕೇಳುಗರೇ, ನಮಸ್ಕಾರ. ಇವತ್ತು ಮಾಸ್ತಿಯವರ ಚಿಕವೀರ ರಾಜೇಂದ್ರ ಕಾದಂಬರಿ ಬಗ್ಗೆ ಮಾತಾಡ್ತೀನಿ. 1956ರಲ್ಲಿ ಬಂದ ಪುಸ್ತಕ, 1983ರ ಜ್ಞಾನಪೀಠ ಮಾಸ್ತಿಯವರಿಗೆ ಬಂತಲ್ಲ, ಆ ಪ್ರಶಸ್ತಿ ಜತೆ ಇವತ್ತಿಗೂ ಎಲ್ಲರೂ ನೆನೆಸ್ಕೊಳ್ಳೋದು ಇದೇ ಹೆಸರನ್ನ. ಆದ್ರೆ ಕಥೆ ಏನು ಅಂತ ಕೇಳಿದ್ರೆ ಕುಡುಕ ರಾಜ, ಹೆಣ್ಣಿನ ಚಟ, ಕೊನೆಗೆ ಇಂಗ್ಲಿಷರು ಬಂದು ಇಳಿಸಿದ್ರು, ಇಷ್ಟು ಹೇಳಿ ಮುಗಿಸಿಬಿಡ್ತಾರೆ. ನನ್ನ ಪ್ರಕಾರ ಈ ಕಾದಂಬರಿಯ ಜೀವ ಇರೋದು ರಾಜನಲ್ಲಿ ಅಲ್ಲ, ಅವನ ಮಂತ್ರಿ ಬೋಪಣ್ಣನಲ್ಲಿ.

ಹಿನ್ನೆಲೆ ಚೂರು ಹೇಳ್ಬಿಡ್ತೀನಿ. ಕೊಡಗನ್ನ ಆಳ್ತಿದ್ದ ಹಾಲೇರಿ ವಂಶದ ಚಿಕವೀರ ರಾಜೇಂದ್ರ ಪಟ್ಟಕ್ಕೆ ಬಂದಿದ್ದು 1820ರಲ್ಲಿ, ಕಳ್ಕೊಂಡಿದ್ದು 1834ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1831ರಲ್ಲಿ, ಪಕ್ಕದ ಮೈಸೂರಿನ ಆಡಳಿತವನ್ನ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಗೆ ತಗೊಂಡಿತ್ತು, ಅಂದ್ರೆ ಗಡಿಯಾಚೆ ಏನು ಕಾಯ್ತಾ ಇದೆ ಅಂತ ಮಡಿಕೇರಿ ಅರಮನೆಯಲ್ಲಿ ಕಣ್ಣು ಬಿಟ್ಟು ನೋಡೋರಿಗೆಲ್ಲ ಗೊತ್ತಿತ್ತು.

ಆದ್ರೆ ನೋಡೋರು ಯಾರು? ರಾಜನ ಪಕ್ಕದಲ್ಲಿರೋನು ಕುಂಟ ಬಸವ, ಚಿಕ್ಕಂದಿನಿಂದ ಜತೆಗೆ ಬೆಳೆದೋನು, ಈಗ ಮಂತ್ರಿ, ರಾಜ ಬಯಸಿದ್ದೆಲ್ಲ ತಂದುಕೊಡೋದೇ ಅವನ ಕೆಲಸ. ಅವನಿಗೆ ರಾಜನ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಇದೆ, ನಿಜವಾಗ್ಲೂ ಇದೆ, ಬೇಡ ಅಂತ ಹೇಳೋದು ಮಾತ್ರ ಆ ಪ್ರೀತಿಗೆ ಗೊತ್ತಿಲ್ಲ. ಇನ್ನೊಂದು ಕಡೆ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ, ಇಬ್ಬರೂ ಮರ್ಯಾದಸ್ಥ ಮಂತ್ರಿಗಳು, ಇಬ್ಬರಿಗೂ ರಾಣಿ ಗೌರಮ್ಮನ ಮೇಲೆ ತುಂಬಾ ಗೌರವ. ರಾಜನ ಭಾವ ಚೆನ್ನಬಸವಯ್ಯನಿಗೆ ಸಿಂಹಾಸನದ ಆಸೆ. ಕಂಪನಿಗೆ ನಾಡೇ ಬೇಕು.

ಕೂಸಿನ ಪ್ರಸಂಗಕ್ಕೆ ಬರ್ತೀನಿ. ರಾಜನ ತಂಗಿ ದೇವಮ್ಮಾಜಿ, ಗಂಡ ಚೆನ್ನಬಸವಯ್ಯ, ಇಬ್ಬರೂ ತಪ್ಪಿಸ್ಕೊಂಡು ಇಂಗ್ಲಿಷರ ಆಶ್ರಯಕ್ಕೆ ಓಡ್ತಾರೆ, ಇತಿಹಾಸದಲ್ಲಿ ಇದು ನಡೆದಿದ್ದು 1832ರಲ್ಲಿ. ಕಾದಂಬರಿಯಲ್ಲಿ ಅವರ ಕೂಸು ಹಿಂದೆ ಉಳಿದುಬಿಡುತ್ತೆ, ರಾಜನ ಕೈಗೆ ಸಿಗುತ್ತೆ. ಅವರನ್ನ ವಾಪಸ್ ಕಳಿಸಿ ಅಂತ ಅವನ ಹಟ, ಕಳಿಸಲ್ಲ ಅಂತ ಇಂಗ್ಲಿಷರು, ಆ ಕೋಪದಲ್ಲಿ ಅವನು ಏನೂ ಅರಿಯದ ಆ ಕೂಸನ್ನ ಕೊಂದುಬಿಡ್ತಾನೆ. ಓದ್ತಾ ಓದ್ತಾ ಸಂಕಟ ಆಗುತ್ತೆ. ಅಲ್ಲಿವರೆಗೂ ಏನೋ ಒಂದು ದಾರಿ ಇದ್ದೇ ಇರುತ್ತೆ ಅಂತ ಅನ್ನಿಸ್ತಾ ಇರುತ್ತಲ್ಲ, ಆಮೇಲೆ ಇಲ್ಲ, ಇನ್ನು ಇವನನ್ನ ಕಾಪಾಡಿ ಅಂತ ಯಾರನ್ನ ಕೇಳೋದು?

ಬೋಪಣ್ಣನ ಕಷ್ಟ ನಂಗೆ ಇಲ್ಲೇ ಅರ್ಥ ಆಗೋದು. ಅರಸುಮನೆಗೆ ನಿಷ್ಠೆಯಿಂದ ಇದ್ದೋನು, ರಾಜನ ಮೇಲೆ ಕೈ ಎತ್ತೋಕೆ ಮನಸ್ಸು ಒಪ್ಪಲ್ಲ, ಇಂಥವನ ಕೈಲಿ ನಾಡು ಬಿಡೋಕೂ ಒಪ್ಪಲ್ಲ, ಕೊನೆಗೆ ಪರದೇಶದೋರ ಜತೆ ಮಾತಾಡೋ ಹಂತಕ್ಕೆ ಬರ್ತಾನೆ. ದ್ರೋಹಿ ಅಂತ ಒಂದೇ ಮಾತಲ್ಲಿ ತೀರ್ಪು ಕೊಟ್ಟುಬಿಡೋದು ಸುಲಭ, ಮಾಸ್ತಿ ಹಾಗೆ ಕೊಡಲ್ಲ, ಅವನ ಮನಸ್ಸಲ್ಲಿ ಆಗೋ ತಿಕ್ಕಾಟನ ತಾಳ್ಮೆಯಿಂದ ಬಿಡಿಸಿ ತೋರಿಸ್ತಾರೆ. ಇತಿಹಾಸದಲ್ಲೂ 1834ರ ಏಪ್ರಿಲ್‌ನಲ್ಲಿ ಕೆಲವು ಕಡೆ ಕೊಡವರು ಕಂಪನಿ ಪಡೆಗಳನ್ನ ಹೊಡೆದು ಹಿಮ್ಮೆಟ್ಟಿಸಿದ್ರು, ಕಾದಾಡೋ ಶಕ್ತಿ ಇತ್ತು ಸ್ವಾಮಿ, ಆದ್ರೆ ಇನ್ನೊಂದು ಕಡೆ ದಿವಾನ್ ಬೋಪು, ಅಂದ್ರೆ ಕಾದಂಬರಿಯ ಬೋಪಣ್ಣ, ಮುಂದೆ ನಿಂತು ಕಂಪನಿಯ ಕರ್ನಲ್ ಫ್ರೇಸರ್‌ನ ಮಡಿಕೇರಿಗೆ ಕರ್ಕೊಂಡು ಬಂದ್ರು.

ಆಮೇಲೆ ಮೇ 7ನೇ ತಾರೀಕು ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಬರೆದಿದ್ದೇನು ಗೊತ್ತಾ, ಕೊಡಗಿನ ಜನ ಎಲ್ಲರೂ ಒಮ್ಮತದಿಂದ ಬ್ರಿಟಿಷರ ರಕ್ಷಣೆ ಬಯಸಿದ್ದಾರೆ ಅಂತ! ಕೆಟ್ಟ ರಾಜ ಹೋಗ್ಲಿ ಅಂತ ಬಯಸಿದೋರ ಮಾತನ್ನ ತಗೊಂಡು ನಾಡನ್ನೇ ಬರೆಸ್ಕೊಂಡ್ರು. ಬೇರೆಯವರ ಆಸೆಯೆಲ್ಲ ಒಬ್ಬ ಮನುಷ್ಯನ ಸುತ್ತ, ಒಂದು ಗದ್ದಿಗೆ ಸುತ್ತ ಇತ್ತು, ಕಂಪನಿಯದ್ದು ಮಾತ್ರ ಕಾಗದದ ಮೇಲೆ, ಶಾಂತವಾಗಿ, ಒಳ್ಳೇ ಮಾತಲ್ಲಿ ನಡೀತು, ನಂಗೆ ಸಿಟ್ಟು ಬರೋದು ಅದಕ್ಕೇ.

ಮಾಸ್ತಿಯವರಿಗೆ ಇದನ್ನ ಇಷ್ಟು ಸೂಕ್ಷ್ಮವಾಗಿ ಬರೆಯೋಕೆ ಆಗಿದ್ದು ಅವರ ಕೆಲಸದಿಂದಲೂ ಇರಬೇಕು ಅಂತ ನನ್ನ ಅನಿಸಿಕೆ. ಮಹಾರಾಜರ ಕಾಲದ ಮೈಸೂರು ಸಿವಿಲ್ ಸರ್ವೀಸ್‌ನಲ್ಲಿ ವರ್ಷಾನುಗಟ್ಟಲೆ ಇದ್ದು 1943ರಲ್ಲಿ ರಾಜೀನಾಮೆ ಕೊಟ್ಟೋರು ಅವರು, ಮೇಲಿನವರ ಮುಂದೆ ಯಾರು ಹೇಗೆ ಮಾತಾಡ್ತಾರೆ, ಯಾವ ಮಾತನ್ನ ನುಂಗ್ಕೊಳ್ತಾರೆ ಅಂತ ಹತ್ತಿರದಿಂದ ನೋಡಿದೋರು. ಅದಕ್ಕೇ ಇಲ್ಲಿ ಕತ್ತಿ ಕಾಳಗಕ್ಕಿಂತ ಮಾತುಕತೆ ಜಾಸ್ತಿ. ಕೆಲವರಿಗೆ ಬೋರ್ ಅನ್ನಿಸಬಹುದು, ನಂಗೆ ಅದೇ ಇಷ್ಟ.

ಪದಚ್ಯುತ ರಾಜನ್ನ ಕಾಶಿಗೆ ಕಳಿಸಿದ್ರು. 1852ರಲ್ಲಿ ಮಗಳನ್ನ ಕರ್ಕೊಂಡು ಇಂಗ್ಲೆಂಡಿಗೆ ಹೋದ, ಆ ಹುಡುಗಿಗೆ ಕ್ರೈಸ್ತ ದೀಕ್ಷೆ ಆದಾಗ ವಿಕ್ಟೋರಿಯಾ ರಾಣಿಯೇ ಗಾಡ್‌ಮದರ್ ಆಗಿ ನಿಂತಳು. ಅವನು ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕೆ ಅಲ್ಲಿ ಕೋರ್ಟಿಗೆ ಹೋದ, 1859ರಲ್ಲಿ ಲಂಡನ್‌ನಲ್ಲೇ ತೀರ್ಕೊಂಡ.

ಪುಸ್ತಕ ಕೈಗೆ ಸಿಕ್ಕಿದ್ರೆ ದಯವಿಟ್ಟು ಓದಿ, ಹಿಂದೆ ಓದಿದ್ರೂ ಇನ್ನೊಂದು ಸಲ ಓದಿ, ಈ ಸಲ ರಾಜನನ್ನ ಸ್ವಲ್ಪ ಪಕ್ಕಕ್ಕಿಟ್ಟು ಬೋಪಣ್ಣ ಬಾಯಿ ಬಿಡೋ ಪ್ರತಿ ಪುಟದಲ್ಲೂ ನಿಧಾನ ಮಾಡಿ. ನಮಸ್ಕಾರ.