ಮತ್ತೆ ಹುಟ್ಟಿದರೆ ಗಂಡೋ, ಹೆಣ್ಣೋ? ಜಪಾನೀಯರಿಗೆ ಕೇಳಿದ ಕೆಲವು ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. "ನಿಮಗೆ ಇನ್ನೊಂದು ಜನ್ಮ ಇದ್ದರೆ ಗಂಡಾಗಿ ಹುಟ್ಟುತ್ತೀರಾ, ಹೆಣ್ಣಾಗಿ ಹುಟ್ಟುತ್ತೀರಾ?" 1958ರಲ್ಲಿ ಜಪಾನಿನ ಊರೂರಿಗೆ ಹೋಗಿ, ಚೀಟಿ ಎತ್ತಿದ ಹಾಗೆ ಆರಿಸಿದ ಜನರ ಮನೆ ಬಾಗಿಲಲ್ಲಿ ಈ ಪ್ರಶ್ನೆ ಕೇಳಿದರು. ಗಂಡಸರಲ್ಲಿ ನೂರಕ್ಕೆ 90 ಜನ ಗಂಡಾಗಿಯೇ ಅಂದರು. ಹೆಂಗಸರಲ್ಲಿ 64 ಜನ ತಾವೂ ಗಂಡಾಗಿ ಹುಟ್ಟಬೇಕು ಅಂದರು. ಹೆಣ್ಣಾಗಿಯೇ ಹುಟ್ಟುತ್ತೇನೆ ಅಂದವರು ಬರೀ 27. ಆಮೇಲೂ ಅದೇ ಪ್ರಶ್ನೆಯನ್ನು, ಅದೇ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಾ ಬಂದರು. 2013ರ ಹೊತ್ತಿಗೆ ಹೆಣ್ಣಾಗಿಯೇ ಹುಟ್ಟುತ್ತೇನೆ ಅನ್ನುವ ಹೆಂಗಸರು 71 ಆಗಿದ್ದರು. ಗಂಡಸರ ಉತ್ತರ ಅಲ್ಲಿಂದ ಇಲ್ಲಿವರೆಗೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಈ ಎರಡು ಅಂಕಿಗಳನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಏನೂ ಓದಲು ಆಗಲಿಲ್ಲ. ಒಂದು ದೇಶದ ಹೆಣ್ಣುಮಕ್ಕಳು ತಮ್ಮ ಜನ್ಮವನ್ನು ತಾವೇ ಬೇಡ ಅನ್ನುತ್ತಿದ್ದ ಕಾಲವೊಂದಿತ್ತು. ಐವತ್ತೈದು ವರ್ಷದಲ್ಲಿ ಅದು ತಿರುಗಿತು. ಹೀಗೆ ತಿರುಗಿದ್ದು ನಮಗೆ ಗೊತ್ತಾಗಿರುವುದು ಯಾರೋ ಕೆಲವರು ಪ್ರಶ್ನೆಯ ಒಂದು ಅಕ್ಷರವನ್ನೂ ಬದಲಿಸದೆ ಕಾದಿದ್ದರಿಂದ.

ಹಾಗೆ ಕಾದವರ ಕೆಲಸದ ಬಗ್ಗೆ ಹೇಳಬೇಕು. ಯುದ್ಧದಲ್ಲಿ ಸೋತ ಜಪಾನ್ ಅಮೆರಿಕದ ಸೇನಾಡಳಿತದ ಕೈಯಲ್ಲಿದ್ದಾಗ ಒಂದು ವಾದ ಎದ್ದಿತ್ತು: ಈ ಜನರ ಲಿಪಿ ತೀರಾ ಕಷ್ಟ, ಸಾಮಾನ್ಯರು ಪತ್ರಿಕೆ ಓದಲಾರರು, ಅದನ್ನು ಬಿಟ್ಟು ರೋಮನ್ ಲಿಪಿ ತರಬೇಕು ಅಂತ. ನಿಜವಾಗಿ ಎಷ್ಟು ಜನಕ್ಕೆ ಓದಲು ಬರುತ್ತದೆ? 1948ರಲ್ಲಿ 270 ಕಡೆ, ಸುಮಾರು 17 ಸಾವಿರ ಜನರನ್ನು ಕೂರಿಸಿ ಪರೀಕ್ಷೆ ಮಾಡಿದರು. ಯಾರನ್ನು ಕೂರಿಸಬೇಕು ಅನ್ನುವುದನ್ನು ಊರಿನ ದೊಡ್ಡ ಮನುಷ್ಯರಾಗಲಿ ಮೇಷ್ಟ್ರುಗಳಾಗಲಿ ಹೇಳಲಿಲ್ಲ, ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿದರು. ಓದು ಬರಹ ಬಾರದವರು ನೂರಕ್ಕೆ ಸುಮಾರು ಎರಡು ಜನ ಮಾತ್ರ ಸಿಕ್ಕರು. ಲಿಪಿ ಉಳಿಯಿತು. ಆ ತಂಡದಲ್ಲಿದ್ದ ಹಯಾಶಿ ಚಿಕಿಯೊ ಎಂಬ ಸಂಖ್ಯಾಶಾಸ್ತ್ರಜ್ಞರು ಮುಂದೆ ಟೋಕಿಯೋದ ಇನ್‌ಸ್ಟಿಟ್ಯೂಟ್ ಆಫ್ ಸ್ಟಾಟಿಸ್ಟಿಕಲ್ ಮ್ಯಾಥಮ್ಯಾಟಿಕ್ಸ್‌ನಲ್ಲಿ 'ಜಪಾನೀಯರ ರಾಷ್ಟ್ರೀಯ ಗುಣ'ದ ಸಮೀಕ್ಷೆಯನ್ನು ಬೆಳೆಸಿದರು. 1953ರಲ್ಲಿ ಮೊದಲಾದ ಆ ಸಮೀಕ್ಷೆ ಐದು ವರ್ಷಕ್ಕೊಮ್ಮೆ ನಡೆಯುತ್ತಾ ಬಂದಿದೆ. ಇದರ ಜೊತೆಗೆ ಎನ್‌ಎಚ್‌ಕೆ ಎಂಬ ಪ್ರಸಾರ ಸಂಸ್ಥೆ 1973ರಿಂದ ತನ್ನದೇ ಒಂದು ಸಮೀಕ್ಷೆ ನಡೆಸುತ್ತದೆ. ಸರ್ಕಾರದ ಕ್ಯಾಬಿನೆಟ್ ಕಚೇರಿಯದು ಇನ್ನೊಂದು. ನಾನು ಇಂದು ಹೇಳುವುದೆಲ್ಲ ಹೆಚ್ಚಾಗಿ ಈ ಮೂರರಿಂದ ತೆಗೆದದ್ದು.

1953ರ ಪ್ರಶ್ನೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಕತೆಯಂತಿದೆ. ಒಬ್ಬ ಹುಡುಗ ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಳ್ಳುತ್ತಾನೆ. ಪಕ್ಕದ ಮನೆಯವರು ಅವನನ್ನು ಸಾಕಿ, ಯೂನಿವರ್ಸಿಟಿಯವರೆಗೆ ಓದಿಸುತ್ತಾರೆ. ಅವನು ಬೆಳೆದು ಒಂದು ಕಂಪನಿಯ ಮುಖ್ಯಸ್ಥನಾಗುತ್ತಾನೆ. ಒಂದು ದಿನ ಊರಿನಿಂದ ಟೆಲಿಗ್ರಾಂ ಬರುತ್ತದೆ: ಸಾಕಿದವರು ಸಾವಿನ ಅಂಚಿನಲ್ಲಿದ್ದಾರೆ, ಕೂಡಲೇ ಬಾ. ಅದೇ ಹೊತ್ತಿಗೆ ಕಂಪನಿ ಉಳಿಯುತ್ತದೋ ಮುಳುಗುತ್ತದೋ ಎಂಬುದನ್ನು ತೀರ್ಮಾನಿಸುವ ಸಭೆ ಇದೆ. ಅವನು ಎಲ್ಲವನ್ನೂ ಬಿಟ್ಟು ಊರಿಗೆ ಹೋಗಬೇಕೋ, ಸಭೆಗೆ ಹೋಗಬೇಕೋ?

ಜಪಾನೀಯರೆಂದರೆ ಕಂಪನಿಗಾಗಿ ಪ್ರಾಣ ಕೊಡುವವರು ಎಂದು ನಮ್ಮಲ್ಲಿ ಎಷ್ಟೋ ಜನ ನಂಬಿದ್ದಾರೆ. ಹಾಗಿದ್ದರೆ ಉತ್ತರ ಒಂದೇ ಕಡೆ ವಾಲಬೇಕಿತ್ತು. ವಾಲಲಿಲ್ಲ. ಸರಿಸುಮಾರು ಅರ್ಧದಷ್ಟು ಜನ ಊರಿಗೆ ಹೋಗಲಿ ಅಂದರು, ಅದಕ್ಕಿಂತ ಸ್ವಲ್ಪ ಕಡಿಮೆ ಜನ ಸಭೆಗೆ ಹೋಗಲಿ ಅಂದರು. ದೇಶ ಬಡತನದಿಂದ ಸಿರಿತನಕ್ಕೆ ಏರಿದ ದಶಕಗಳಲ್ಲೂ ಈ ತಕ್ಕಡಿ ದೊಡ್ಡದಾಗಿ ಅಲುಗಲಿಲ್ಲ. ಋಣ ದೊಡ್ಡದೋ ಹೊಣೆ ದೊಡ್ಡದೋ ಅನ್ನುವ ಜಗಳ ಅಲ್ಲಿ ಒಬ್ಬೊಬ್ಬರ ಎದೆಯೊಳಗೇ ನಡೆಯುತ್ತಿದೆ ಅಂತ ನಾನು ಅಂದುಕೊಂಡಿದ್ದೇನೆ.

ಅದೇ ಪಟ್ಟಿಯಲ್ಲಿ ಮೇಲಧಿಕಾರಿಯ ಬಗ್ಗೆ ಒಂದು ಪ್ರಶ್ನೆ ಇದೆ. ಒಬ್ಬ ಸೆಕ್ಷನ್ ಮುಖ್ಯಸ್ಥ ನಿಯಮ ಮೀರಿ ಕೆಲಸ ಹೇರುವುದಿಲ್ಲ, ಆದರೆ ಕೆಲಸದ ಆಚೆ ನಿಮ್ಮ ಕಷ್ಟಸುಖ ಕೇಳುವುದೂ ಇಲ್ಲ. ಇನ್ನೊಬ್ಬ ಕೆಲವೊಮ್ಮೆ ನಿಯಮ ಮೀರಿ ದುಡಿಸುತ್ತಾನೆ, ಆದರೆ ಮನೆಯ ಕಷ್ಟಕ್ಕೂ ಆಗುತ್ತಾನೆ. ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ? 1953ರಿಂದ 2013ರವರೆಗೆ ನೂರಕ್ಕೆ ಎಂಬತ್ತರ ಮೇಲೆ ಅಥವಾ ಅದರ ಆಸುಪಾಸಿನಲ್ಲಿ ಜನ ಎರಡನೆಯವನನ್ನೇ ಆರಿಸಿದ್ದಾರೆ. ಆದರೆ ಇದೇ ಜನ ದತ್ತಿನ ವಿಷಯದಲ್ಲಿ ಪೂರ್ತಿ ಬದಲಾದರು. ಮಕ್ಕಳಿಲ್ಲದಿದ್ದರೆ ಮನೆತನ ಮುಂದುವರಿಸಲು, ರಕ್ತಸಂಬಂಧ ಇಲ್ಲದಿದ್ದರೂ ಸರಿ, ದತ್ತು ತೆಗೆದುಕೊಳ್ಳುತ್ತೇವೆ ಅಂದವರು 1953ರಲ್ಲಿ ಎಪ್ಪತ್ತಕ್ಕೂ ಹೆಚ್ಚು. ಅರವತ್ತು ವರ್ಷದ ನಂತರ ಸುಮಾರು ಇಪ್ಪತ್ತು. ಜೀವನದಲ್ಲಿ ಯಾವುದು ಮುಖ್ಯ ಎಂದು ಕೇಳಿದರೆ 'ಕುಟುಂಬ' ಅಂದವರು 1958ರಲ್ಲಿ 12, 2013ರಲ್ಲಿ 44. ಮನೆತನ ಬೇಡವಾಯಿತು, ಮನೆಯವರು ಬೇಕಾದರು. ನಮ್ಮ ಭಾಷೆಯಲ್ಲಿ ಎರಡಕ್ಕೂ 'ಮನೆ' ಅಂತಲೇ ಅನ್ನುತ್ತೇವೆ. ಈ ಅಂಕಿ ನೋಡಿದ ಮೇಲೆ ಅವೆರಡೂ ಬೇರೆ ಎಂದು ನನಗೆ ಸ್ಪಷ್ಟವಾಯಿತು.

ಈಗ ಪ್ರಶ್ನೆಯನ್ನು ಕೇಳುವ ಬಗೆಗೆ ಬರುತ್ತೇನೆ. ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. 2001ರ ಜನಗಣತಿಗೆ ತಿಪಟೂರು ಕಡೆಯ ಒಂದು ಹಳ್ಳಿಗೆ ಹಾಕಿದ್ದರು. ಒಂದು ಮನೆಯಲ್ಲಿ ಹೆಂಗಸೊಬ್ಬರು ಕೊಟ್ಟಿಗೆಯಿಂದ ಎದ್ದು ಬಂದರು. ಮೊಣಕೈವರೆಗೂ ಬೂಸಾ ಮೆತ್ತಿತ್ತು. "ಏನಮ್ಮಾ, ಕೆಲಸ ಏನಾದರೂ ಮಾಡ್ತೀರಾ?" ಅಂತ ಕೇಳಿದೆ. "ಇಲ್ಲ ಮೇಷ್ಟ್ರೇ, ಮನೇಲೇ ಇರ್ತೀನಿ" ಅಂದರು. ನಾನು ಹಾಗೇ ಬರೆದುಕೊಂಡೆ. ಡೈರಿಗೆ ಹಾಲು ಹಾಕುವುದು ಯಾರು, ಗರಿ ಸೀಳಿ ಹೆಣೆಯುವುದು ಯಾರು ಅಂತ ಕೇಳಿದ್ದರೆ ಬೇರೆಯದೇ ಉತ್ತರ ಬರುತ್ತಿತ್ತು. ಹಾಗೆ ಬಿಡಿಸಿ ಕೇಳಬೇಕೆಂದು ನಮಗೆ ಹೇಳಿಯೂ ಇದ್ದರು. ನಾನು ಕೇಳಲಿಲ್ಲ. ಆ ಹೆಂಗಸಿನ ದುಡಿಮೆ ದೇಶದ ಲೆಕ್ಕದಿಂದ ಜಾರಿದ್ದು ನನ್ನ ಒಂದು ಪ್ರಶ್ನೆಯಿಂದ. ಅಂದಿನಿಂದ ಯಾವ ಸಮೀಕ್ಷೆ ಕೈಗೆ ಬಂದರೂ ಮೊದಲು ಪ್ರಶ್ನೆ ಓದುತ್ತೇನೆ, ಆಮೇಲೆ ಅಂಕಿ.

ಆ ಕಣ್ಣಿನಿಂದ ಜಪಾನ್ ಸರ್ಕಾರದ ಸಮೀಕ್ಷೆ ನೋಡೋಣ. "ಲೋಕದ ಉಳಿದವರಿಗೆ ಹೋಲಿಸಿದರೆ ನಿಮ್ಮ ಮನೆಯ ಜೀವನಮಟ್ಟ ಯಾವುದು?" ಉತ್ತರಗಳು ಐದು: ಮೇಲು, ಮಧ್ಯದಲ್ಲಿ ಮೇಲು, ಮಧ್ಯದಲ್ಲಿ ಮಧ್ಯ, ಮಧ್ಯದಲ್ಲಿ ಕೆಳಗು, ಕೆಳಗು. ಐದರಲ್ಲಿ ಮೂರಕ್ಕೆ 'ಮಧ್ಯ' ಅಂಟಿಕೊಂಡಿದೆ. 1970ರ ದಶಕದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಜನ ಆ ಮೂರರಲ್ಲೇ ನಿಂತರು. 'ಹತ್ತು ಕೋಟಿ ಜನರೂ ಮಧ್ಯಮ ವರ್ಗ' ಎಂಬ ಮಾತು ದೇಶದಲ್ಲೆಲ್ಲ ಹರಡಿತು. ಅದು ಪೂರ್ತಿ ಸುಳ್ಳಾಗಿರಲಿಲ್ಲ, ಆ ಕಾಲದಲ್ಲಿ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್ ಮನೆಮನೆಗೆ ಬಂದಿದ್ದವು. ಆದರೆ ಆರ್ಥಿಕತೆ ಕುಸಿದ ಮೇಲೂ ಉತ್ತರ ಅಲ್ಲಲ್ಲೇ ಉಳಿಯಿತು. 2021ರ ಸರ್ಕಾರಿ ಲೆಕ್ಕದಲ್ಲೇ ನೂರಕ್ಕೆ 15.4 ಜನ ಸಾಪೇಕ್ಷ ಬಡತನದಲ್ಲಿದ್ದರು (ದೇಶದ ನಡುಮಟ್ಟದ ವರಮಾನದ ಅರ್ಧವೂ ಇಲ್ಲದವರು), ಅಂದರೆ ಆರೇಳು ಜನರಲ್ಲಿ ಒಬ್ಬರು. ಬಾಗಿಲಿಗೆ ಬಂದ ಅಪರಿಚಿತರ ಮುಂದೆ 'ನಾವು ಕೆಳಗಿನವರು' ಎಂದು ಹೇಳಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? 'ಮಧ್ಯದಲ್ಲಿ ಕೆಳಗು' ಅನ್ನುವ ಮರ್ಯಾದೆಯ ಮೆಟ್ಟಿಲನ್ನು ಪ್ರಶ್ನೆಯೇ ಹಾಕಿಕೊಟ್ಟಿದೆ.

ಮರಣದಂಡನೆಯ ಪ್ರಶ್ನೆ ಇನ್ನೂ ಗಂಭೀರ. 2019ರ ಸರ್ಕಾರಿ ಸಮೀಕ್ಷೆಯ ಪ್ರಕಾರ 80.8 ಶೇಕಡಾ ಜನರ ಒಪ್ಪಿಗೆ ಇದೆ ಎಂದು ಸುದ್ದಿಯಾಯಿತು. ಕೊಟ್ಟಿದ್ದ ಉತ್ತರಗಳನ್ನು ನೋಡಿ. ಒಂದು, 'ಮರಣದಂಡನೆ ರದ್ದಾಗಲೇಬೇಕು'. ಇನ್ನೊಂದು, 'ಮರಣದಂಡನೆಯೂ ಯಮು ಒ ಎನಾಯ್', ಅಂದರೆ ಬೇರೆ ದಾರಿ ಇಲ್ಲ, ಏನು ಮಾಡೋಣ ಎಂಬ ಧಾಟಿ. ಒಂದು ಕಡೆ ಖಡಾಖಂಡಿತ ಮಾತು, ಇನ್ನೊಂದು ಕಡೆ ನಿಟ್ಟುಸಿರು. ನಿಟ್ಟುಸಿರಿನ ಕಡೆ ಹೋದವರನ್ನೆಲ್ಲ ಬೆಂಬಲಿಗರೆಂದು ಎಣಿಸುವುದು ನ್ಯಾಯವಲ್ಲ. ಅಲ್ಲಿನ ವಕೀಲರೂ ವಿದ್ವಾಂಸರೂ ಇದನ್ನು ಎತ್ತಿ ಹೇಳಿದ್ದಾರೆ.

ಗಂಡ ಹೆಂಡತಿಯ ಮನೆಹೆಸರಿನ ವಿಷಯದಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಜಪಾನಿನ ಕಾನೂನಿನ ಪ್ರಕಾರ ಮದುವೆಯಾದ ಇಬ್ಬರೂ ಒಂದೇ ಮನೆಹೆಸರು ಇಟ್ಟುಕೊಳ್ಳಬೇಕು. ಯಾರದಾದರೂ ಸರಿ, ಆದರೆ ನೂರಕ್ಕೆ ಸುಮಾರು 95 ಸಲ ಬದಲಿಸಿಕೊಳ್ಳುವವಳು ಹೆಂಡತಿ. ಬ್ಯಾಂಕು, ಪಾಸ್‌ಪೋರ್ಟು, ಬರೆದ ಸಂಶೋಧನಾ ಲೇಖನ, ಎಲ್ಲ ಕಡೆ ಅವಳು ಮತ್ತೆ ತಾನು ಯಾರೆಂದು ಸಾಬೀತು ಮಾಡಬೇಕು. ಇಷ್ಟವಿದ್ದವರು ತಮ್ಮ ತಮ್ಮ ಹೆಸರು ಉಳಿಸಿಕೊಳ್ಳುವಂತೆ ಕಾನೂನು ಬದಲಿಸಬಹುದು ಅಂದವರು 2017ರ ಸರ್ಕಾರಿ ಸಮೀಕ್ಷೆಯಲ್ಲಿ 42.5 ಶೇಕಡಾ. 2021ರ ಕೊನೆಗೆ ಮತ್ತೆ ಕೇಳಿದಾಗ 28.9. ನಾಲ್ಕು ವರ್ಷದಲ್ಲಿ ಇಷ್ಟು ಜನ ಮನಸ್ಸು ಬದಲಿಸಿದರೇ? ಈ ಸಲ ಪ್ರಶ್ನೆಯ ಮಾತು ಬದಲಾಗಿತ್ತು. ಕಾನೂನು ಹಾಗೇ ಇರಲಿ, ಹಳೆಯ ಹೆಸರನ್ನು ಬಳಸಲು ಮಾತ್ರ ಒಂದು ವ್ಯವಸ್ಥೆ ಮಾಡೋಣ ಎಂಬ ಆಯ್ಕೆಯ ಜಾಗವೂ ಮಾತೂ ಬೇರೆಯಾಗಿದ್ದವು, ಅದಕ್ಕೆ 42.2 ಬಂತು. ಎದುರಿಗೆ ಕೂತು ಕೇಳುತ್ತಿದ್ದವರು ಕೋವಿಡ್ ಕಾರಣಕ್ಕೆ ಅಂಚೆಯಲ್ಲಿ ಕೇಳಿದ್ದರು. ಮನಸ್ಸು ಅಷ್ಟಾಗಿ ತಿರುಗಿಲ್ಲ, ಪ್ರಶ್ನೆ ತಿರುಗಿದೆ ಅನ್ನುವುದು ನನ್ನ ಅಭಿಪ್ರಾಯ. ಮೇಲೆ ಹೇಳಿದ ಹಯಾಶಿಯವರ ತಂಡ ಒಂದು ಪದ ಬದಲಿಸಲೂ ಏಕೆ ಅಷ್ಟು ಹೆದರುತ್ತಿತ್ತು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಬಾಯಲ್ಲಿ ಹೇಳುವುದಕ್ಕೂ ದಿನ ಕಳೆಯುವುದಕ್ಕೂ ನಡುವೆ ಎಷ್ಟು ದೂರ ಎಂಬುದನ್ನೂ ಅಳೆದಿದ್ದಾರೆ. ಮಕ್ಕಳಾದ ಮೇಲೂ ಹೆಣ್ಣು ಕೆಲಸ ಮುಂದುವರಿಸಬೇಕು ಅಂದವರು ಎನ್‌ಎಚ್‌ಕೆ ಸಮೀಕ್ಷೆಯಲ್ಲಿ 1973ರಲ್ಲಿ 20 ಶೇಕಡಾ, 2018ರಲ್ಲಿ 60. ಮಾತು ಮೂರು ಪಟ್ಟು ಬೆಳೆಯಿತು. ಆದರೆ ಯಾರು ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ದಿನಚರಿ ಬರೆಸುವ ಸರ್ಕಾರಿ ಸಮೀಕ್ಷೆಯೊಂದಿದೆ. ಆರು ವರ್ಷದೊಳಗಿನ ಮಗು ಇರುವ ಮನೆಗಳಲ್ಲಿ, 2021ರಲ್ಲಿ, ಮನೆಗೆಲಸಕ್ಕೂ ಮಗುವಿಗೂ ಹೆಂಡತಿ ಕೊಟ್ಟದ್ದು ದಿನಕ್ಕೆ 7 ಗಂಟೆ 28 ನಿಮಿಷ. ಗಂಡ ಕೊಟ್ಟದ್ದು 1 ಗಂಟೆ 54 ನಿಮಿಷ. ಮತ್ತೆ ಎನ್‌ಎಚ್‌ಕೆ ಸಮೀಕ್ಷೆಗೆ ಬಂದರೆ, ಮದುವೆಯಾಗಲೇಬೇಕೆಂದಿಲ್ಲ ಅನ್ನುವವರು 1993ರಲ್ಲಿ 51 ಶೇಕಡಾ ಇದ್ದದ್ದು 2018ರಲ್ಲಿ 68 ಆಗಿದೆ. ಈ ಎರಡು ಲೆಕ್ಕಗಳನ್ನು ಬೇರೆ ಬೇರೆ ಪುಟದಲ್ಲಿ ಓದಬಾರದು ಅನ್ನಿಸುತ್ತದೆ ನನಗೆ.

ಧರ್ಮದ ಬಗ್ಗೆ ಎರಡೇ ಮಾತು. "ನಿಮಗೆ ಯಾವುದಾದರೂ ಧರ್ಮದಲ್ಲಿ ನಂಬಿಕೆ ಇದೆಯೇ?" ಎಂದರೆ ನೂರಕ್ಕೆ ಮೂವತ್ತು ಜನವೂ ಹೌದು ಅನ್ನುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಹಿರಿಯರ ಸಮಾಧಿಗೆ ಹೋಗಿ ನೀರೆರೆದು ಬರುತ್ತೀರಾ ಅಂದರೆ ಎಪ್ಪತ್ತರ ಆಸುಪಾಸಿನಲ್ಲಿ ಹೌದು. 'ಧರ್ಮ' ಎಂದು ನಾನು ಅನುವಾದಿಸುತ್ತಿರುವ 'ಶೂಕ್ಯೋ' ಎಂಬ ಪದ ಇಂದಿನ ಅರ್ಥದಲ್ಲಿ ನೆಲೆಗೊಂಡದ್ದೇ ಹತ್ತೊಂಬತ್ತನೇ ಶತಮಾನದಲ್ಲಿ, ಪಶ್ಚಿಮದ ಪದಕ್ಕೆ ಸಮನಾಗಿ. ಅಜ್ಜನ ಸಮಾಧಿಗೆ ನೀರೆರೆಯುವವರಿಗೆ ಆ ಪದ ತಮ್ಮದು ಅನ್ನಿಸದಿದ್ದರೆ ಆಶ್ಚರ್ಯವೇನು?

ನಮ್ಮ ದೇಶವೂ ಸೇರಿದ ಒಂದು ಸಮೀಕ್ಷೆ ಇದೆ. 2019ರಲ್ಲಿ ನಿಪ್ಪಾನ್ ಫೌಂಡೇಶನ್ ಎಂಬ ಜಪಾನಿನ ಸೇವಾಸಂಸ್ಥೆ ಒಂಬತ್ತು ದೇಶಗಳಲ್ಲಿ 17ರಿಂದ 19 ವರ್ಷದ ತಲಾ ಸಾವಿರ ಮಕ್ಕಳನ್ನು ಕೇಳಿತು. 'ನನ್ನ ಕೈಯಿಂದ ದೇಶವನ್ನು, ಸಮಾಜವನ್ನು ಬದಲಿಸಲು ಆಗುತ್ತದೆ' ಅಂದವರು ಭಾರತದಲ್ಲಿ 83.4 ಶೇಕಡಾ, ಜಪಾನಿನಲ್ಲಿ 18.3. ಇದನ್ನು ಓದಿ ನಮ್ಮವರು ಎದೆ ಉಬ್ಬಿಸಿದ್ದನ್ನು ಕಂಡಿದ್ದೇನೆ. ಇಂಟರ್‌ನೆಟ್ಟಿನಲ್ಲಿ ಕೇಳಿದ ಪ್ರಶ್ನೆ ಇದು. ನಮ್ಮಲ್ಲಿ ಯಾವ ಮಕ್ಕಳಿಗೆ ಅದು ತಲುಪಿರಬಹುದು, ಯಾರಿಗೆ ತಲುಪಿರಲಿಕ್ಕಿಲ್ಲ ಎಂದು ಯೋಚಿಸಬೇಕು. ಇನ್ನು 18.3ರ ಬಗ್ಗೆ: 'ಹೌದು, ನಾನು ಮಾಡಬಲ್ಲೆ' ಎಂದು ತನ್ನ ಬಾಯಿಂದಲೇ ಹೇಳಿಕೊಳ್ಳುವುದು ಒರಟುತನ ಎಂದು ಕಲಿತು ಬೆಳೆದ ಮಕ್ಕಳು ಅವರು. 'ಹೀಗೆಂದೂ ಹೇಳಲಾರೆ, ಹಾಗೆಂದೂ ಹೇಳಲಾರೆ' ಎನ್ನುವ ಉತ್ತರ ಜಪಾನೀ ಸಮೀಕ್ಷೆಗಳಲ್ಲಿ ಯಾವಾಗಲೂ ದಪ್ಪವಾಗಿರುತ್ತದೆ. ಹಾಗೆಂದು ಆ ಅಂಕಿಯನ್ನು ವಿನಯದ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳಲೂ ನನಗೆ ಮನಸ್ಸಿಲ್ಲ. ಅದರೊಳಗೆ ನಿಜವಾದ ನಿರಾಸೆಯೂ ಇದೆ ಎಂದೇ ನನ್ನ ಭಯ.

ಕೊನೆಯದಾಗಿ, ಉತ್ತರ ಕೊಡದವರು. ಎನ್‌ಎಚ್‌ಕೆಯ 1973ರ ಸಮೀಕ್ಷೆಗೆ ಆರಿಸಿದವರಲ್ಲಿ 78 ಶೇಕಡಾ ಜನ ಉತ್ತರಿಸಿದ್ದರು. 2018ರಲ್ಲಿ ಅದು 51ಕ್ಕೆ ಇಳಿದಿತ್ತು. ಹಿಂದೆ ಅಂಗಳ ದಾಟಿ ಜಗಲಿಯಲ್ಲಿ ಕೂರುತ್ತಿದ್ದ ಗಣತಿದಾರ ಈಗ ಅಪಾರ್ಟ್‌ಮೆಂಟಿನ ಕೆಳಗೆ ಗಾಜಿನ ಬಾಗಿಲ ಮುಂದೆ ನಿಂತು ಗುಂಡಿ ಒತ್ತುತ್ತಾನೆ. ಮೇಲಿನಿಂದ ದನಿ ಬಂದರೆ ಬಂತು, ಇಲ್ಲದಿದ್ದರೆ ಸಂಜೆ ಮತ್ತೆ ಬರಬೇಕು. ಕೆಲಸದಿಂದ ತಡವಾಗಿ ಬರುವವರು, ಒಬ್ಬರೇ ಇರುವ ಹುಡುಗ ಹುಡುಗಿಯರು ಸಿಗುವುದು ಅಪರೂಪ.

ಹೀಗಿರುವಾಗ 2022ರಲ್ಲಿ ಕ್ಯಾಬಿನೆಟ್ ಕಚೇರಿ ಬಾಗಿಲನ್ನೇ ತೆರೆಯದವರನ್ನು ಎಣಿಸಲು ಹೊರಟಿತು. ಆರು ತಿಂಗಳು, ಅದಕ್ಕಿಂತ ಹೆಚ್ಚು ಕಾಲ, ಕೆಲವರು ವರ್ಷಗಟ್ಟಲೆ, ಹೊರಗಿನ ಒಡನಾಟ ಬಿಟ್ಟು ಮನೆಯೊಳಗೇ ಇರುವವರನ್ನು ಅಲ್ಲಿ ಹಿಕಿಕೊಮೊರಿ ಎನ್ನುತ್ತಾರೆ. ಮೂವತ್ತು ಸಾವಿರ ಜನರ ವಿಳಾಸಕ್ಕೆ ಪ್ರಶ್ನೆಪತ್ರ ಹೋಯಿತು. ಬಂದ ಉತ್ತರಗಳಿಂದ ಲೆಕ್ಕ ಹಾಕಿ, 15ರಿಂದ 64 ವಯಸ್ಸಿನವರಲ್ಲಿ ಇಂಥವರು ಸುಮಾರು 14 ಲಕ್ಷ 60 ಸಾವಿರ ಎಂದು ಅಂದಾಜು ಮಾಡಿದರು. ಆ ಸಂಖ್ಯೆಯ ಹಿಂದೆ ನಿಜವಾಗಿ ಗುರುತು ಹಾಕಿ ಕಳಿಸಿದ ಜನರಿದ್ದಾರೆ. ಕೋಣೆ ಬಿಟ್ಟು ಬರದ ಒಬ್ಬರು, ಲಕೋಟೆಯನ್ನು ಒಡೆದು, 'ಎಷ್ಟು ಕಾಲದಿಂದ ಹೀಗಿದ್ದೀರಿ' ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ಕೂತು, ತಮ್ಮ ವರ್ಷಗಳನ್ನು ಎಣಿಸಿ, ಒಂದು ಗುರುತು ಹಾಕಿದ್ದಾರೆ. ಅದನ್ನು ಅಂಚೆಪೆಟ್ಟಿಗೆಯವರೆಗೆ ಒಯ್ದವರು ತಾಯಿಯೋ, ತಂದೆಯೋ, ರಾತ್ರಿ ಹೊತ್ತು ಅವರೇ ಹೋದರೋ, ಅದನ್ನು ಕೇಳುವ ಪ್ರಶ್ನೆ ಆ ಪತ್ರದಲ್ಲಿರಲಿಲ್ಲ.