ಬೀಗ ಹಾಕಿದ ಶ್ರುತಿ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಎಲೆಕ್ಟ್ರಿಕ್ ಗಿಟಾರ್ ಹಿಡಿಯುವ ಹುಡುಗ ಹುಡುಗಿಯರು ಈಗ ಜಾಸ್ತಿಯಾಗಿದ್ದಾರೆ. ಕುಂಬಳೆ, ಉಪ್ಪಳ, ಬದಿಯಡ್ಕ, ಎಲ್ಲಿ ಹೋದರೂ ಜಾತ್ರೆಗೋ ಮದುವೆಗೋ ನುಡಿಸುವ ಒಂದು ತಂಡ ಇದ್ದೇ ಇರುತ್ತದೆ. ಹೊಸ ಗಿಟಾರ್ ಕೊಳ್ಳುವವರು ಕೇಳುವ ಪ್ರಶ್ನೆ ಒಂದಿದೆ. ಲಾಕಿಂಗ್ ಟ್ರೆಮೊಲೊ, ಅಂದರೆ ಕಡ್ಡಿಯಿಂದ ಸ್ವರ ಏರಿಳಿಸುವ, ತಂತಿಗೆ ಬೀಗ ಹಾಕುವ ವ್ಯವಸ್ಥೆ, ಇರುವುದನ್ನು ತಗೊಳ್ಳಬೇಕಾ, ಬೇಡವಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ಬೇಡ. ಹಾಗಂತ ಅದು ಕೆಟ್ಟ ವಸ್ತು ಅಲ್ಲ.

ಗಿಟಾರಿನ ಬ್ರಿಜ್‌ಗೆ, ಅಂದರೆ ಮೈಮೇಲೆ ತಂತಿಗಳ ಕೆಳತುದಿ ಹಿಡಿದಿಡುವ ಭಾಗಕ್ಕೆ, ಒಂದು ಕಬ್ಬಿಣದ ಕಡ್ಡಿ ಸಿಕ್ಕಿಸಿರುವುದನ್ನು ನೋಡಿರುತ್ತೀರಿ. ಅದನ್ನು ಒತ್ತಿದರೆ ಆರೂ ತಂತಿ ಸಡಿಲಾಗಿ ಸ್ವರ ಕೆಳಗಿಳಿಯುತ್ತದೆ. ಬಿಟ್ಟರೆ ಇದ್ದಲ್ಲಿಗೇ ವಾಪಸ್ ಬರಬೇಕು. ಬರುವುದಿಲ್ಲ, ಅದೇ ತೊಂದರೆ. 1954ರಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್ ಬಂದಾಗಿನಿಂದಲೂ ಈ ತಲೆನೋವು ಇದೆ. ತಂತಿ ಸಡಿಲಾದಾಗ ನಟ್‌ನ, ಅಂದರೆ ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯ, ಕಚ್ಚಿನಲ್ಲಿ ಜಾರುತ್ತದೆ. ಮತ್ತೆ ಬಿಗಿಯಾಗುವಾಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲೆ ಶ್ರುತಿ ಮಾಡುವ ಕೀಗೆ ಸುತ್ತಿದ ಸುರುಳಿಯೂ ಸ್ವಲ್ಪ ಅಲುಗುತ್ತದೆ. ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಅಂಥವರು ಆ ಕಡ್ಡಿಯನ್ನು ಎಳೆದಾಡಿ, ಹಾಡಿನ ನಡುವೆಯೇ ಶ್ರುತಿ ಸರಿ ಮಾಡಿಕೊಳ್ಳುತ್ತಿದ್ದರು.

ಇದಕ್ಕೆ ಪರಿಹಾರ ಹುಡುಕಿದವರು ಅಮೆರಿಕದ ಫ್ಲಾಯ್ಡ್ ರೋಸ್. ಅವರೂ ಗಿಟಾರ್ ನುಡಿಸುತ್ತಿದ್ದರು, ಆಭರಣ ಮಾಡುವ ಕೆಲಸವೂ ಗೊತ್ತಿತ್ತು. ತಂತಿ ಜಾರುವುದೇ ತೊಂದರೆ ಅಂದಮೇಲೆ ಜಾರಲು ಬಿಡುವುದೇ ಬೇಡ ಎಂದುಕೊಂಡರು. ನಟ್‌ನಲ್ಲಿ ತಂತಿಗಳನ್ನು ಸ್ಕ್ರೂ ಹಾಕಿ ಅದುಮಿದರು. ಬ್ರಿಜ್‌ನ ತುದಿಯಲ್ಲೂ ಹಾಗೇ ಕಚ್ಚಿ ಹಿಡಿಸಿದರು. ಎರಡು ಬೀಗಗಳ ನಡುವಿನ ತಂತಿ ಈಗ ಎಲ್ಲಿಗೂ ಹೋಗುವಂತಿಲ್ಲ. 1979ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ನಟ್‌ಗೆ ಬೀಗ ಬಿದ್ದಮೇಲೆ ಮೇಲಿನ ಕೀ ತಿರುಗಿಸಿ ಪ್ರಯೋಜನವಿಲ್ಲ. ಹಾಗಾಗಿ ಬ್ರಿಜ್ ಮೇಲೆಯೇ ಆರು ಪುಟ್ಟ ತಿರುಪುಗಳು ಆಮೇಲೆ ಸೇರಿಕೊಂಡವು. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹ್ಯಾಲನ್ ಇದನ್ನು ಕೈಗೆತ್ತಿಕೊಂಡ ಮೇಲೆ 1980ರ ದಶಕದ ರಾಕ್ ಗಿಟಾರುಗಳಲ್ಲಿ ಎಲ್ಲಿ ನೋಡಿದರೂ ಅದೇ.

ಇದರಲ್ಲಿ ತಂತಿಗಳನ್ನು ಜೋತುಬೀಳುವಷ್ಟು ಸಡಿಲಿಸಿ ಬಿಟ್ಟರೂ ಸ್ವರ ಇದ್ದಲ್ಲಿಗೇ ಬಂದು ನಿಲ್ಲುತ್ತದೆ. ಚೆನ್ನಾಗಿ ಕೂರಿಸಿದ ಬ್ರಿಜ್ ಆದರೆ ಇಡೀ ಸಂಜೆ ಶ್ರುತಿಯ ಚಿಂತೆ ಇಲ್ಲ. ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ಮೇಲಕ್ಕೂ ಎಳೆಯಬಹುದು. ಸ್ವರದಿಂದ ಸ್ವರಕ್ಕೆ ತೇಲುತ್ತಾ ಹೋಗುವ ಆ ನಯ ಬೇಕೆಂದರೆ ಇದಕ್ಕೆ ಸಾಟಿಯಿಲ್ಲ ಅಂತಲೇ ನಾನು ಹೇಳುವುದು.

ಇನ್ನು ತೊಂದರೆಗೆ ಬರೋಣ. ಈ ಬ್ರಿಜ್ ಎರಡು ಗೂಟಗಳ ಮೇಲೆ, ಚೂರಿಯ ಅಲಗಿನಂಥ ಅಂಚಿನಲ್ಲಿ ನಿಂತಿರುತ್ತದೆ. ಮುಂದಿನಿಂದ ಆರು ತಂತಿ ಎಳೆಯುತ್ತವೆ, ಹಿಂದಿನಿಂದ ಸ್ಪ್ರಿಂಗ್‌ಗಳು. ತಂತಿಗಳ ಎಳೆತ ಕಡಿಮೆ ಏನಲ್ಲ. ಸಾಮಾನ್ಯ ದಪ್ಪದ, 10ರ ಸೆಟ್ ಎನ್ನುವ ತಂತಿಗಳನ್ನು ಹಾಕಿದರೆ ಎಲ್ಲ ಸೇರಿ ಸುಮಾರು 45 ಕಿಲೋ ತೂಕದಷ್ಟು. ಎರಡೂ ಕಡೆ ಸಮ ಆದಾಗ ಮಾತ್ರ ಬ್ರಿಜ್ ನೆಟ್ಟಗೆ ತೇಲುತ್ತದೆ. ಥೇಟ್ ತಕ್ಕಡಿ. ಒಂದು ತಂತಿ ತುಂಡಾಯಿತು ಅನ್ನಿ. ಸ್ಪ್ರಿಂಗ್ ಗೆಲ್ಲುತ್ತದೆ, ಬ್ರಿಜ್ ಹಿಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿಯ ಸ್ವರ ಏರಿಬಿಡುತ್ತದೆ. ಅಲುಗದ ಬ್ರಿಜ್ ಆಗಿದ್ದರೆ ಐದು ತಂತಿಯಲ್ಲೇ ಹೇಗೋ ಹಾಡು ಮುಗಿಸಬಹುದಿತ್ತು. ಇಲ್ಲಿ ಅದೂ ಇಲ್ಲ. ಹೊಸ ತಂತಿ ಹಾಕಲು ಅಲೆನ್ ಕೀ ಬೇಕು, ಕಟಿಂಗ್ ಪ್ಲೈಯರ್ ಬೇಕು. ತುದಿಯ ಗುಂಡು ಕತ್ತರಿಸಿ ಬ್ರಿಜ್‌ಗೆ ಕಚ್ಚಿಸಬೇಕು. ವೇದಿಕೆಯಲ್ಲಿ ಗಾಯಕರು ಮೈಕ್ ಹಿಡಿದು ಕಾಯುತ್ತಿರುತ್ತಾರೆ!

ನಮ್ಮ ಕಡೆಯ ತಂಡಗಳಿಗೆ ಇನ್ನೊಂದು ಕಷ್ಟವಿದೆ. ಒಂದೇ ರಾತ್ರಿ ಕನ್ನಡ, ಮಲಯಾಳ, ತುಳು, ಹಿಂದಿ ಹಾಡುಗಳು. ಯಾವುದೋ ಹಾಡಿಗೆ ದಪ್ಪ ತಂತಿಯನ್ನು ಒಂದು ಸ್ವರ ಇಳಿಸಬೇಕು ಎನ್ನಿಸಿದರೆ, ಬೀಗ ತೆಗೆದು ಅದೊಂದನ್ನು ಇಳಿಸುವಷ್ಟರಲ್ಲಿ ಉಳಿದವೆಲ್ಲ ಏರಿರುತ್ತವೆ. ಗಮಕ ತೆಗೆಯುವವರೂ ಕೇಳಿ. ತಂತಿಯನ್ನು ಬೆರಳಿನಿಂದ ಬದಿಗೆ ತಳ್ಳಿದಾಗ ತೇಲುವ ಬ್ರಿಜ್ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಅದೇ ಸ್ವರಕ್ಕೆ ಜಾಸ್ತಿ ತಳ್ಳಬೇಕು. ಜೊತೆಗೆ ಒಂದು ತಂತಿಯನ್ನು ಶ್ರುತಿಯಂತೆ ಮೀಟುತ್ತಾ ಇನ್ನೊಂದನ್ನು ಎಳೆದರೆ, ಆ ಶ್ರುತಿ ತಂತಿಯೇ ಕೆಳಗಿಳಿಯುತ್ತದೆ. ನಮ್ಮ ರಾಗದ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ. ನನಗಂತೂ ಸಹಿಸಲು ಆಗುವುದಿಲ್ಲ.

ಮತ್ತೆ ನಮ್ಮ ಮಳೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಸುರಿಯುವ ಜಿಲ್ಲೆ ಇದು, ಪಕ್ಕದಲ್ಲೇ ಕಡಲು. ಇಷ್ಟೊಂದು ಸ್ಕ್ರೂ ಇರುವ ಬ್ರಿಜ್‌ಗೆ ತುಕ್ಕು ಹಿಡಿಯಲು ಬೇರೆ ಕಾರಣ ಬೇಕಾ? ಅಗ್ಗದ ನಕಲುಗಳಲ್ಲಿ ಲೋಹವೇ ಮೆದು. ಆ ಅಲಗಿನ ಅಂಚು ಬೇಗ ಸವೆಯುತ್ತದೆ. ಸವೆದರೆ ಬೀಗ ಹಾಕಿದ್ದೂ ವ್ಯರ್ಥ, ಬ್ರಿಜ್ ಒಮ್ಮೆ ಇಲ್ಲಿ ನಿಂತರೆ ಇನ್ನೊಮ್ಮೆ ಅಲ್ಲಿ. ಕಡಿಮೆ ಬೆಲೆಯ ಗಿಟಾರಿನಲ್ಲಿ ಈ ಬ್ರಿಜ್ ಕಂಡರೆ ಸುಮ್ನೆ ಮುಂದೆ ಹೋಗಿ. ಅದೇ ದುಡ್ಡಿಗೆ ಅಲುಗದ ಬ್ರಿಜ್ ಇರುವ ಒಳ್ಳೆ ಗಿಟಾರ್ ಬರುತ್ತದೆ. ಕಡ್ಡಿಯ ಆಸೆ ತೀರಾ ಇದ್ದರೆ ಸ್ಟ್ರಾಟೊಕಾಸ್ಟರ್ ಮಾದರಿಯದ್ದು ಸಾಕು. ನಟ್‌ನ ಕಚ್ಚಿಗೆ ಪೆನ್ಸಿಲ್ ಸೀಸದ ಪುಡಿ ಹಚ್ಚಿ, ಮೆಲ್ಲಗೆ ಬಳಸಿ. ಬಹುಪಾಲು ಹಾಡುಗಳಿಗೆ ಅಷ್ಟು ಸಾಲುತ್ತದೆ.

ಈಗಾಗಲೇ ಲಾಕಿಂಗ್ ಬ್ರಿಜ್ ಮನೆಯಲ್ಲಿದ್ದರೆ ಬೇಜಾರು ಬೇಡ. ತಂತಿಗಳನ್ನು ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಿಸಿ. ಒಂದೇ ದಪ್ಪದ ಸೆಟ್ ಹಾಕುತ್ತಾ ಬನ್ನಿ, ದಪ್ಪ ಬದಲಾದರೆ ಹಿಂದಿನ ಸ್ಪ್ರಿಂಗ್ ಎಲ್ಲ ಮತ್ತೆ ಸರಿಮಾಡಬೇಕು. ತಂತಿ ಬಿಗಿಯಿರುವಾಗ ಗೂಟದ ಎತ್ತರ ತಿರುಗಿಸಬೇಡಿ, ಅಲಗು ಹಾಳಾಗುತ್ತದೆ. ಬ್ರಿಜ್ ತೇಲುವುದೇ ಬೇಡ ಎನ್ನಿಸಿದರೆ ಹಿಂದಿನ ಮುಚ್ಚಳ ತೆಗೆದು, ಬ್ರಿಜ್‌ನ ಅಡಿಗಿರುವ ಲೋಹದ ದಿಮ್ಮಿಗೂ ಮರಕ್ಕೂ ನಡುವೆ, ಸ್ಪ್ರಿಂಗ್ ಎಳೆಯುವ ಕಡೆಗೆ, ಅಳತೆಗೆ ಸರಿಯಾದ ಮರದ ತುಂಡು ಕೂರಿಸಿ. ಸ್ಪ್ರಿಂಗ್ ಸ್ವಲ್ಪ ಬಿಗಿಮಾಡಿ, ದಿಮ್ಮಿ ಆ ತುಂಡಿಗೆ ಒತ್ತಿ ನಿಲ್ಲಲಿ. ಆಮೇಲೆ ಕಡ್ಡಿ ಕೆಳಕ್ಕೆ ಮಾತ್ರ ಹೋಗುತ್ತದೆ, ಮೇಲಕ್ಕೆ ಬರುವುದಿಲ್ಲ. ತಂತಿ ತುಂಡಾದರೂ ಉಳಿದವು ಹೆಚ್ಚುಕಡಿಮೆ ಶ್ರುತಿಯಲ್ಲೇ ಇರುತ್ತವೆ. ಊರಿನ ಯಾವ ಆಚಾರಿಯಾದರೂ ಹಲಸಿನದ್ದೋ ತೇಗದ್ದೋ ಚೂರು ಕೆತ್ತಿಕೊಟ್ಟಾರು. ಗಿಟಾರನ್ನು ಜೊತೆಗೇ ಒಯ್ಯಿರಿ, ಅಳತೆ ಅಲ್ಲೇ ನೋಡಿಕೊಳ್ಳಲಿ.

ನಮಸ್ಕಾರ.